ಇಂಗ್ಲೆಂಡಿನ ಪುರಾತನ ಚರ್ಚುಗಳು: ಬೇಸಗೆಯ ಸಂದರ್ಶನಕ್ಕೆ ಸಿದ್ಧತೆ

ಸೀಮೆಯಾತ್ರೆಯನ್ನು ಕೈಗೊಳ್ಳುವ ನಮ್ಮವರಲ್ಲಿ ಬಹುಮಂದಿ, ವ್ಯಾಸಂಗಕ್ಕೆಂದು ಹೋದ ಮಗನನ್ನೋ ಉದ್ಯೋಗದಲ್ಲಿರುವ ಮಗಳನ್ನೋ ಕಂಡುಬರುವ ನಿಮಿತ್ತದಿಂದ, ಬೇಸಗೆಯ ತಿಂಗಳುಗಳನ್ನೇ ಆರಿಸಿಕೊಳ್ಳುತ್ತಾರೆ. ಲಂಡನ್ನಿನ ಅರಮನೆ, ಗಡಿಯಾರದ ಗೋಪುರ, ವಸ್ತುಸಂಗ್ರಹಾಲಯ ಇವುಗಳನ್ನು ನಾಲ್ಕೈದು ದಿವಸಗಳಲ್ಲಿ ನೋಡಿ ಮುಗಿಸಿದ ಮೇಲೆ, ಉಳಿದ ಕಾಲವನ್ನು ಹೇಗೆ ವಿನಿಯೋಗಿಸಬೇಕೆಂಬ ಪ್ರಶ್ನೆ ಏಳುತ್ತದೆ. ಅಂತಹವರಿಗೆ ನಾವು ಹೇಳತಕ್ಕ ಮಾತು ಒಂದುಂಟು: ಆ ದೇಶದ ಹಳೆಯ ಚರ್ಚುಗಳನ್ನು ನೋಡಿರಿ; ಆದರೆ ಸಿದ್ಧತೆ ಮಾಡಿಕೊಂಡು ನೋಡಿರಿ. ಸಿದ್ಧತೆಯಿಲ್ಲದೆ ಹೊರಟವನಿಗೆ ಎರಡು ವಿಧವಾದ ನಷ್ಟ ತಪ್ಪದು. ಮುಚ್ಚಿದ ಬಾಗಿಲ ಮುಂದೆ ನಿಂತು ಹಿಂದಿರುಗುವುದು ಒಂದು. ತೆರೆದ ಬಾಗಿಲೊಳಗೆ ಹೋಗಿಯೂ ಏನನ್ನೂ ಕಾಣದೆ ಬರುವುದು ಮತ್ತೊಂದು. ಇವೆರಡರಲ್ಲಿ ಎರಡನೆಯದೇ ದೊಡ್ಡ ನಷ್ಟ.

ಇಂಗ್ಲೆಂಡಿನ ಅಧಿಕೃತ ಮತಸಂಸ್ಥೆಗೆ ಸೇರಿದ ಚರ್ಚುಗಳು ಸುಮಾರು 16,000 ಇವೆ. ಅವುಗಳಲ್ಲಿ 12,000ಕ್ಕೂ ಮೇಲ್ಪಟ್ಟವು ರಕ್ಷಣೆಗೆ ಅರ್ಹವಾದ ಚಾರಿತ್ರಿಕ ಕಟ್ಟಡಗಳೆಂದು ಸರ್ಕಾರದ ಪಟ್ಟಿಯಲ್ಲಿ ಸೇರಿವೆ. ಅಲ್ಲಿಯ ಒಂದು ಸಾಧಾರಣ ಗ್ರಾಮದಲ್ಲಿ ಏಳೆಂಟುನೂರು ವರ್ಷಗಳ ಹಿಂದಿನ ಕಟ್ಟಡವೆಂದರೆ ಬಹುಶಃ ಚರ್ಚು ಒಂದೇ. ರೈತರ ಮನೆಗಳು ಬಿದ್ದುಹೋದುವು. ಪ್ರಭುಗಳ ಸೌಧಗಳು ಕೈಬದಲಾಯಿಸಿದುವು. ಚರ್ಚು ಮಾತ್ರ ನಿಂತಲ್ಲಿಯೇ ನಿಂತು, ಊರಿನವರ ನಾಮಕರಣ, ವಿವಾಹ, ಶವಸಂಸ್ಕಾರಗಳನ್ನು ನೋಡುತ್ತ ಬಂದಿತು. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ಲನು ಹೊರಡಿಸಿದ ಆಜ್ಞೆಯ ಪ್ರಕಾರ ಈ ಮೂರನ್ನೂ ಪ್ರತಿಯೊಂದು ಚರ್ಚಿನ ದಫ್ತರದಲ್ಲಿ ಬರೆದಿಡುವ ಪದ್ಧತಿ ಆರಂಭವಾಯಿತು. ಷೇಕ್ಸ್‌ಪಿಯರ್ ಮಹಾಕವಿಗೆ 1564ನೆಯ ಏಪ್ರಿಲ್ 26ರಂದು ಸ್ಟ್ರಾಟ್‌ಫರ್ಡ್ ಊರಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ದೀಕ್ಷಾಸ್ನಾನವಾಯಿತೆಂದು ನಾವು ಬಲ್ಲುದು ಇಂತಹ ದಫ್ತರದಿಂದಲೇ. ಅದೇ ಚರ್ಚಿನೊಳಗೆ ಆತನ ಸಮಾಧಿಯೂ ಇದೆ. ಆದಕಾರಣ ಚರ್ಚನ್ನು ನೋಡುವುದೆಂದರೆ ಒಂದು ಮತದ ಆರಾಧನಾ ಸ್ಥಳವನ್ನು ನೋಡುವುದಷ್ಟೇ ಅಲ್ಲ; ಒಂದು ಊರಿನ ಜನಜೀವನದ ಕಡತವನ್ನು ಬಿಚ್ಚಿ ನೋಡಿದಂತೆ.

ಮೊದಲು ಚರ್ಚುಗಳ ಭೇದವನ್ನು ತಿಳಿಯಬೇಕು. ಬಿಷಪ್ಪರ ಪೀಠವಿರುವ ಪ್ರಧಾನ ದೇವಾಲಯಕ್ಕೆ ಕೆಥೀಡ್ರಲ್ ಎಂದು ಹೆಸರು. ಇಂಥವು ಇಂಗ್ಲೆಂಡಿನಲ್ಲಿ 42 ಇವೆ. ಎರಡನೆಯ ಬಗೆಯವು ಗ್ರಾಮದ ಅಥವಾ ಪೇಟೆಯ ಪ್ಯಾರಿಷ್ ಚರ್ಚುಗಳು. ಸಂಖ್ಯೆಯಲ್ಲಿ ಇವೇ ಅತ್ಯಧಿಕ. ಮೂರನೆಯವು, ಭಕ್ತರಿಲ್ಲದೆ ನಿತ್ಯಪೂಜೆ ನಿಂತುಹೋದರೂ ಕಟ್ಟಡದ ಯೋಗ್ಯತೆಯಿಂದ ಉಳಿಸಲ್ಪಟ್ಟಿರುವ ಚರ್ಚುಗಳು. 1969ರಲ್ಲಿ ಸ್ಥಾಪಿತವಾಗಿ ಈಗ ಚರ್ಚಸ್ ಕನ್ಸರ್ವೇಷನ್ ಟ್ರಸ್ಟ್ ಎಂದು ಕರೆಯಲ್ಪಡುವ ಸಂಸ್ಥೆಯ ಪಾಲನೆಯಲ್ಲಿ ಇಂತಹವು 350ಕ್ಕೂ ಹೆಚ್ಚಾಗಿವೆ. ಮೊದಲನೆಯ ಬಗೆಯಲ್ಲಿ ವೈಭವವುಂಟು, ಜನಸಂದಣಿಯೂ ಉಂಟು. ಉಳಿದೆರಡರಲ್ಲಿ ಅನೇಕವೇಳೆ ಸಂದರ್ಶಕನು ಒಬ್ಬನೇ ಇರುತ್ತಾನೆ.

ಇನ್ನು ಕಟ್ಟಡವನ್ನು ಓದುವ ಕ್ರಮ. ನಮ್ಮ ದೇವಾಲಯಗಳಲ್ಲಿ ದೇವರು ಸಾಮಾನ್ಯವಾಗಿ ಪೂರ್ವಾಭಿಮುಖನಾಗಿರುತ್ತಾನೆ. ಗರ್ಭಗೃಹ ಪಶ್ಚಿಮದ ಕಡೆಗಿರುತ್ತದೆ. ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಾದರೋ ಪೂಜಾವೇದಿಕೆ ಪೂರ್ವದ ತುದಿಯಲ್ಲಿರುತ್ತದೆ; ಭಕ್ತರು ಪೂರ್ವಕ್ಕೆ ಮುಖಮಾಡಿ ಕುಳಿತಿರುತ್ತಾರೆ. ಗೋಪುರ ಬಹುಮಟ್ಟಿಗೆ ಪಶ್ಚಿಮದಲ್ಲಿ. ಒಳಹೊಕ್ಕೊಡನೆ ಸಿಕ್ಕುವ ಉದ್ದವಾದ ಸಭಾಂಗಣ ಜನರದು. ಅದರ ಆಚೆ, ಕಮಾನು ದಾಟಿದ ಮೇಲೆ ಸಿಕ್ಕುವ ಭಾಗ ಪಾದ್ರಿಗಳದು. ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ ಬಾಗಿಲ ಸಮೀಪದಲ್ಲಿರುತ್ತದೆ. ಮತಕ್ಕೆ ಪ್ರವೇಶ ದೊರೆಯುವುದು ಅದರಿಂದಲೇ ಎಂಬುದು ಇದರ ಭಾವ. ಅನೇಕ ಚರ್ಚುಗಳಲ್ಲಿ ಗೋಡೆಗಳೆಲ್ಲ ಹೊಸದಾಗಿದ್ದರೂ ಈ ತೊಟ್ಟಿ ಮಾತ್ರ ಎಂಟುನೂರು ವರ್ಷಗಳಷ್ಟು ಹಳೆಯದಾಗಿರುವುದುಂಟು.

ಕಾಲನಿರ್ಣಯಕ್ಕೆ ಸುಲಭವಾದ ಸಾಧನವೊಂದನ್ನು ಥಾಮಸ್ ರಿಕ್‌ಮನ್ ಎಂಬ ವಿದ್ವಾಂಸನು 1817ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೊಟ್ಟನು. ಆತನು ಮಾಡಿದ ವಿಭಾಗವೇ ಇಂದಿಗೂ ಬಳಕೆಯಲ್ಲಿದೆ. 1066ರ ತರುವಾಯ ಬಂದ ನಾರ್ಮನ್ ಶೈಲಿಯಲ್ಲಿ ಕಮಾನುಗಳು ಅರ್ಧವೃತ್ತಾಕಾರ, ಕಂಬಗಳು ಗಜಗಾತ್ರ, ಬಾಗಿಲ ಸುತ್ತ ಹಾವಿನ ನಡೆಯಂತೆ ಅಂಕುಡೊಂಕಾದ ಪಟ್ಟಿ. ಸುಮಾರು 1190ರಿಂದ ಆದ್ಯ ಇಂಗ್ಲಿಷ್ ಶೈಲಿ. ಇಲ್ಲಿ ಕಮಾನು ಮೇಲೆ ಚೂಪಾಗುತ್ತದೆ, ಕಿಟಕಿಗಳು ಈಟಿಯ ಮೊನೆಯಂತೆ ಕಿರಿದಾಗಿ ನೀಳವಾಗುತ್ತವೆ. 1250ರಿಂದ ಒಂದು ನೂರು ವರ್ಷ ಅಲಂಕೃತ ಶೈಲಿ. ಕಿಟಕಿಯ ತಲೆಯಲ್ಲಿ ಕಲ್ಲು ಬಳ್ಳಿಯಂತೆ ಬಾಗಿ ಹೆಣೆದುಕೊಳ್ಳುತ್ತದೆ. ಅಲ್ಲಿಂದ ಹದಿನಾರನೆಯ ಶತಮಾನದ ಮೊದಲ ಭಾಗದವರೆಗೆ ಲಂಬ ಶೈಲಿ. ರೇಖೆಗಳೆಲ್ಲ ನೇರವಾಗಿ ಮೇಲಕ್ಕೇಳುತ್ತವೆ, ಗೋಡೆ ಕಡಿಮೆಯಾಗಿ ಗಾಜು ಹೆಚ್ಚುತ್ತದೆ. ಈ ನಾಲ್ಕನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಆದರೆ ಒಂದೇ ಚರ್ಚಿನಲ್ಲಿ ನಾಲ್ಕೂ ಬೆರೆತಿರುವುದೇ ವಾಡಿಕೆ. ಯಾವ ಗೋಡೆ ಮೊದಲು, ಯಾವ ಕಿಟಕಿ ಆಮೇಲೆ ಎಂದು ತಾನೇ ಬಿಡಿಸಿಕೊಳ್ಳುವುದರಲ್ಲಿ ಸಂದರ್ಶಕನಿಗೆ ಪುಸ್ತಕವಿಲ್ಲದೆ ಪಾಠವಾಗುತ್ತದೆ.

ನೋಡುವವನು ಇಲ್ಲದಿರುವುದನ್ನೂ ನೋಡಬೇಕು. ಎಂಟನೆಯ ಹೆನ್ರಿಯು 1534ರಲ್ಲಿ ಪೋಪರ ಅಧಿಕಾರವನ್ನು ನಿರಾಕರಿಸಿದ ಮೇಲೆ ಮಠಗಳು ಮುಚ್ಚಲ್ಪಟ್ಟುವು. ಆತನ ಮಗ ಆರನೆಯ ಎಡ್ವರ್ಡನ ಕಾಲದಲ್ಲಿ ಗೋಡೆಯ ಚಿತ್ರಗಳಿಗೆ ಸುಣ್ಣ ಬಿದ್ದಿತು. ಅಂತರ್ಯುದ್ಧದ ಕಾಲದಲ್ಲಿ, 1643 ಮತ್ತು 1644ರಲ್ಲಿ, ವಿಲಿಯಂ ಡೌಸಿಂಗ್ ಎಂಬವನು ಕೇಂಬ್ರಿಡ್ಜ್ ಮತ್ತು ಸಫೋಕ್ ಸೀಮೆಗಳ ಚರ್ಚುಗಳನ್ನು ಒಂದೊಂದಾಗಿ ಹೊಕ್ಕು ವಿಗ್ರಹಗಳನ್ನೂ ಬಣ್ಣದ ಗಾಜುಗಳನ್ನೂ ಒಡೆಯಿಸಿ, ಒಡೆದುದರ ಲೆಕ್ಕವನ್ನು ದಿನಚರಿಯಲ್ಲಿ ಬರೆದಿಟ್ಟನು. ಮುಖವಿಲ್ಲದ ಶಿಲಾಮೂರ್ತಿ, ಬರಿದಾದ ಗೂಡು, ತಿಳಿಗಾಜಿನ ದೊಡ್ಡ ಕಿಟಕಿ ಇವನ್ನು ಕಂಡಾಗ ಕಾರಣವನ್ನು ಇಲ್ಲಿ ಹುಡುಕಬೇಕು. ಸಾಲ್ಸ್‌ಬರಿ ಪಟ್ಟಣದ ಸಂತ ಥಾಮಸರ ಚರ್ಚಿನಲ್ಲಿ ಅಂತಿಮ ತೀರ್ಪಿನ ದಿನದ ದೊಡ್ಡ ಚಿತ್ರವೊಂದು ಕಮಾನಿನ ಮೇಲಿದೆ. 1593ರಲ್ಲಿ ಅದರ ಮೇಲೆ ಸುಣ್ಣ ಬಳಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಸುಣ್ಣವನ್ನು ಕೆರೆದಾಗ ಚಿತ್ರ ಮರಳಿ ಬೆಳಕಿಗೆ ಬಂದಿತು. ಅಳಿಸಲು ಬಳಿದ ಸುಣ್ಣವೇ ಅದನ್ನು ಕಾಪಾಡಿತೆಂದರೆ ತಪ್ಪಾಗದು.

ಈಗ ಕಾಲದ ವಿಚಾರ. ಅಲ್ಲಿಯ ಬೇಸಗೆ ನಮ್ಮ ಚೈತ್ರ ವೈಶಾಖಗಳಲ್ಲ. ಜೂನ್, ಜುಲೈ, ಆಗಸ್ಟ್ ತಿಂಗಳುಗಳು. ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ಬೆಳಗಿನ 5 ಗಂಟೆಗೆ ಮೊದಲೇ ಸೂರ್ಯೋದಯವಾಗಿ, ರಾತ್ರಿ 9 ಗಂಟೆ ಕಳೆದ ಮೇಲೆ ಅಸ್ತಮಯವಾಗುತ್ತದೆ. ಇಷ್ಟು ಬೆಳಕಿರುವುದರಿಂದ ಇಡೀ ಹಗಲು ನಮ್ಮದೇ ಎಂದು ಭ್ರಮಿಸಬಾರದು. ಬಾಗಿಲು ತೆರೆಯುವುದೂ ಮುಚ್ಚುವುದೂ ಸೂರ್ಯನನ್ನಲ್ಲ, ಗಡಿಯಾರವನ್ನೂ ಬೀಗದ ಕೈ ಇಟ್ಟುಕೊಂಡವರನ್ನೂ ಅನುಸರಿಸಿ. ಬೇಸಗೆಯ ಶನಿವಾರಗಳು ಮದುವೆಯ ದಿನಗಳು. ನಾವು ಒಮ್ಮೆ ಎರಡು ಬಸ್ಸು ಬದಲಾಯಿಸಿ, ಮೂರು ಮೈಲಿ ನಡೆದು, ಮಧ್ಯಾಹ್ನದ ಹೊತ್ತಿಗೆ ಒಂದು ಗ್ರಾಮದ ಚರ್ಚನ್ನು ತಲುಪಿದಾಗ, ಬಾಗಿಲಲ್ಲಿ ಹೂವಿನ ತೋರಣವನ್ನೂ ಒಳಗೆ ತುಂಬಿದ ಬಂಧುವರ್ಗವನ್ನೂ ಕಂಡು, ಸ್ಮಶಾನದ ಕಲ್ಲುಬೆಂಚಿನ ಮೇಲೆ ಒಂದೂವರೆ ಗಂಟೆ ಕುಳಿತಿರಬೇಕಾಯಿತು. ಮದುಮಕ್ಕಳು ಹೊರಬಂದ ಮೇಲೆ ಒಳಹೋಗೋಣವೆಂದರೆ ಸಂಜೆಯ ಕೊನೆಯ ಬಸ್ಸಿನ ವೇಳೆಯಾಗಿತ್ತು. ತಪ್ಪು ನಮ್ಮದೇ: ದಿನವನ್ನು ವಿಚಾರಿಸಿರಲಿಲ್ಲ.

ಆದುದರಿಂದ ಗ್ರಾಮದ ಚರ್ಚುಗಳಿಗೆ ಮಂಗಳವಾರದಿಂದ ಶುಕ್ರವಾರದವರೆಗಿನ ದಿನಗಳು ಉತ್ತಮ. ಭಾನುವಾರ ಬೆಳಿಗ್ಗೆ ಆರಾಧನೆಯಿರುತ್ತದೆ. ಅದರಲ್ಲಿ ಕುಳಿತುಕೊಳ್ಳಲು ಅಡ್ಡಿಯಿಲ್ಲ, ಸುತ್ತಾಡಿ ನೋಡಲು ಅವಕಾಶವಿಲ್ಲ. ಲಂಡನ್ನಿನ ಸಂತ ಪಾಲರ ಕೆಥೀಡ್ರಲ್ ಮತ್ತು ವೆಸ್ಟ್‌ಮಿನ್‌ಸ್ಟರ್ ಆಬೆ ಇವೆರಡೂ ಭಾನುವಾರ ಆರಾಧನೆಗೆ ಮಾತ್ರ ಮೀಸಲು. ಲಂಡನ್ ನಗರದ ವ್ಯಾಪಾರಕೇಂದ್ರದಲ್ಲಿರುವ ಹಳೆಯ ಚರ್ಚುಗಳ ರೀತಿ ವಿಚಿತ್ರವಾದುದು. ಅವು ಕೆಲಸದ ದಿನಗಳಲ್ಲಿ ತೆರೆದಿದ್ದು, ವಾರದ ಕೊನೆಯಲ್ಲಿ ಅನೇಕವು ಮುಚ್ಚಿರುತ್ತವೆ. ಡರಮ್ ಕೆಥೀಡ್ರಲಿನಲ್ಲಿ ಬೇಸಗೆಯ ಕೆಲವು ದಿನಗಳಲ್ಲಿ ವಿಶ್ವವಿದ್ಯಾನಿಲಯದ ಪದವಿಪ್ರದಾನ ನಡೆಯುವುದರಿಂದ ಮುಂಚಿತವಾಗಿ ವಿಚಾರಿಸುವುದು ಲೇಸು. ಕೆಥೀಡ್ರಲುಗಳ ಸಂಜೆಯ ಗಾನಪ್ರಾರ್ಥನೆ ತಪ್ಪಿಸಿಕೊಳ್ಳತಕ್ಕದ್ದಲ್ಲ. ಅದಕ್ಕೆ ಶುಲ್ಕವಿಲ್ಲ, ಯಾವ ಮತದವರಾದರೂ ಕುಳಿತು ಕೇಳಬಹುದು. ಆದರೆ ಅಲ್ಲಿಯ ಸ್ವಂತ ಗಾಯಕ ಬಾಲಕ ಬಾಲಿಕೆಯರಿಗೆ ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ರಜೆ. ಆಗ ಬೇರೆಡೆಯಿಂದ ಬಂದ ಗಾಯಕವೃಂದಗಳು ಹಾಡುತ್ತವೆ. ಸ್ಥಳದ ಗಾನವನ್ನೇ ಕೇಳಬೇಕೆಂಬವರು ಜೂನ್ ತಿಂಗಳನ್ನು ಆರಿಸಿಕೊಳ್ಳಲಿ. ಗಾಜಿನ ಕಿಟಕಿಗಳಿಗೂ ಹೊತ್ತುಂಟು: ಪೂರ್ವದ ಕಿಟಕಿಯನ್ನು ಬೆಳಿಗ್ಗೆ, ಪಶ್ಚಿಮದ ಕಿಟಕಿಯನ್ನು ಸಂಜೆ ನೋಡಬೇಕು.

ಎಲ್ಲವನ್ನೂ ನೋಡುವೆನೆಂಬ ಆಸೆಯನ್ನು ಬಿಟ್ಟು, ಒಂದು ಯಾತ್ರೆಗೆ ಒಂದೇ ಪ್ರಾಂತವನ್ನು ಹಿಡಿಯುವುದು ವಿವೇಕ. ಪೂರ್ವಪ್ರಾಂತವನ್ನು ಹಿಡಿದರೆ ಕೇಂಬ್ರಿಡ್ಜಿನಲ್ಲಿ ಬಿಡಾರ ಮಾಡಬಹುದು. ಅಲ್ಲಿಯ ಕಿಂಗ್ಸ್ ಕಾಲೇಜಿನ ದೇವಮಂದಿರವನ್ನು ಆರನೆಯ ಹೆನ್ರಿಯು 1446ರಲ್ಲಿ ಆರಂಭಿಸಿದನು. ಬೀಸಣಿಗೆ ಬಿಚ್ಚಿದಂತಿರುವ ಅದರ ಕಲ್ಲಿನ ಚಾವಣಿಯನ್ನು ಜಾನ್ ವೇಸ್ಟೆಲ್ ಎಂಬ ಶಿಲ್ಪಿಯು 1512ರಿಂದ 1515ರವರೆಗೆ ಕಟ್ಟಿದನು. ರೈಲಿನಲ್ಲಿ ಅಲ್ಪ ಕಾಲದಲ್ಲಿ ಈಲಿ ಸಿಕ್ಕುತ್ತದೆ. ಈಲಿಯ ಕೆಥೀಡ್ರಲಿನ ನಡುಗೋಪುರ 1322ರಲ್ಲಿ ಕುಸಿದು ಬಿದ್ದಿತು. ಮಠದ ಅಧಿಕಾರಿಯಾದ ವಾಲ್ಸಿಂಗಮ್ಮಿನ ಆಲನ್ ಎಂಬವನು ಅದೇ ಗೋಪುರವನ್ನು ಮತ್ತೆ ಎಬ್ಬಿಸದೆ, ನಾಲ್ಕು ಕಂಬಗಳಿದ್ದ ಎಡೆಯನ್ನು ಎಂಟು ಮೂಲೆಯ ವಿಶಾಲ ಸ್ಥಳವಾಗಿ ಮಾಡಿ, ಅದರ ಮೇಲೆ ಮರದ ದೀಪಗೋಪುರವನ್ನು ನಿಲ್ಲಿಸಿದನು. 63 ಅಡಿ ಉದ್ದದ ಎಂಟು ಓಕ್ ಮರದ ತೊಲೆಗಳು ಅದರ ಭಾರವನ್ನು ಹೊತ್ತಿವೆ. ಅನಾಹುತದಿಂದ ಹುಟ್ಟಿದ ಸೌಂದರ್ಯಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ದುರ್ಲಭ. ಅಲ್ಲಿಂದ ಸಮೀಪದ ಮಾರ್ಚ್ ಎಂಬ ಊರಿನಲ್ಲಿ ಸಂತ ವೆಂಡ್ರೆಡಾ ಚರ್ಚಿನ ಮರದ ಚಾವಣಿಯ ತುಂಬ ರೆಕ್ಕೆ ಬಿಚ್ಚಿದ ದೇವದೂತರು ನೂರಕ್ಕೂ ಮಿಕ್ಕಿದ್ದಾರೆ.

ಸಫೋಕಿನ ಲಾವನಮ್ ಮತ್ತು ಲಾಂಗ್ ಮೆಲ್‌ಫರ್ಡ್ ಚರ್ಚುಗಳು ಬಟ್ಟೆಯ ವ್ಯಾಪಾರಿಗಳ ಹಣದಿಂದ ಬೆಳೆದುವು. ಸಣ್ಣ ಊರಿನಲ್ಲಿ ಇಷ್ಟು ದೊಡ್ಡ ಚರ್ಚು ಏಕೆಂಬ ಪ್ರಶ್ನೆಗೆ ಉಣ್ಣೆಯೇ ಉತ್ತರ. ಕಡಲ ಬಳಿಯ ಬ್ಲೈಬರಾದ ದೇವದೂತರ ಮೈಯಲ್ಲಿ ಸೀಸದ ಗುಂಡುಗಳು ಸಿಕ್ಕಿದುವು. ಅವು ಡೌಸಿಂಗಿನ ಕಡೆಯವರು ಹೊಡೆದುವೆಂದು ಬಹುಕಾಲ ಜನ ನಂಬಿದ್ದರು. ಚಾವಣಿಯಲ್ಲಿ ಗೂಡುಕಟ್ಟುತ್ತಿದ್ದ ಕಾಗೆಯ ಜಾತಿಯ ಹಕ್ಕಿಗಳನ್ನು ಹದಿನೆಂಟನೆಯ ಶತಮಾನದಲ್ಲಿ ಹೊಡೆದ ಗುರುತುಗಳು ಅವೆಂದು ಈಗ ಎಣಿಸುತ್ತಾರೆ. ಸ್ಥಳದವರು ಹೇಳುವ ಕಥೆಗಳನ್ನು ಸಂತೋಷದಿಂದ ಕೇಳಬೇಕು. ಒಪ್ಪುವ ಮುನ್ನ ಸ್ವಲ್ಪ ತಡೆಯಬೇಕು.

ಪಶ್ಚಿಮಪ್ರಾಂತಕ್ಕೆ ಹೋಗುವವರು ಸಾಲ್ಸ್‌ಬರಿಯಿಂದ ಆರಂಭಿಸಲಿ. 1220ರಲ್ಲಿ ಅಡಿಗಲ್ಲಿಟ್ಟ ಅಲ್ಲಿಯ ಕೆಥೀಡ್ರಲಿನ ಮುಖ್ಯಭಾಗ 38 ವರ್ಷಗಳಲ್ಲಿ ಮುಗಿದುದರಿಂದ ಅದು ಒಂದೇ ಶೈಲಿಯ ಅಪೂರ್ವ ಮಾದರಿಯಾಯಿತು. ಆಮೇಲೆ ಏರಿಸಿದ ಅದರ ಶಿಖರ 404 ಅಡಿ ಎತ್ತರವಿದ್ದು ಆ ದೇಶದ ಚರ್ಚುಗಳ ಶಿಖರಗಳಲ್ಲೆಲ್ಲ ಉನ್ನತವಾದುದು. 1215ರ ಮ್ಯಾಗ್ನ ಕಾರ್ಟ ಶಾಸನದ ಉಳಿದಿರುವ ನಾಲ್ಕು ಮೂಲಪ್ರತಿಗಳಲ್ಲಿ ಒಂದು ಇಲ್ಲಿದೆ. ವೆಲ್ಸ್ ಪಟ್ಟಣದಲ್ಲಿ, ಭಾರ ತಡೆಯಲಾರದೆ ಬಾಗತೊಡಗಿದ ಗೋಪುರಕ್ಕೆ 1338ರಿಂದ ಕತ್ತರಿಯಾಕಾರದ ಕಮಾನುಗಳನ್ನು ಆಸರೆಗೊಟ್ಟಿದ್ದನ್ನು ನೋಡಬಹುದು. ಫೇರ್‌ಫರ್ಡ್ ಗ್ರಾಮದ ಚರ್ಚಿನಲ್ಲಿ ಸುಮಾರು 1500ರಿಂದ 1517ರೊಳಗೆ ಮಾಡಿದ 28 ಬಣ್ಣದ ಕಿಟಕಿಗಳೂ ಉಳಿದುಬಂದಿವೆ. ಹರೆಫರ್ಡಿಗೆ ನೈಋತ್ಯದಲ್ಲಿ ಕಿಲ್‌ಪೆಕ್ ಎಂಬ ಕುಗ್ರಾಮವಿದೆ. ಸುಮಾರು 1140ರಲ್ಲಿ ಕೆಂಪು ಮರಳುಗಲ್ಲಿನಿಂದ ಕಟ್ಟಿದ ಅಲ್ಲಿಯ ಪುಟ್ಟ ಚರ್ಚಿನ ಸೂರಿನಡಿ ನಾಯಿ, ಮೊಲ, ಕುರಿ, ವಿಕಟಮುಖಗಳು ಸಾಲಾಗಿ ಇಣುಕುತ್ತವೆ. ಹಳೇಬೀಡಿನ ಪಟ್ಟಿಕೆಗಳನ್ನು ಬಗ್ಗಿ ನೋಡಿ ಬಲ್ಲ ಕಣ್ಣಿಗೆ ಇಲ್ಲಿ ತಲೆಯೆತ್ತಿ ನೋಡುವ ಕೆಲಸ.

ಉತ್ತರಪ್ರಾಂತದಲ್ಲಿ ಡರಮ್ ಅಗ್ರಗಣ್ಯ. 1093ರಲ್ಲಿ ಆರಂಭವಾಗಿ 1133ರಲ್ಲಿ ಮುಗಿದ ಅದರ ಕಲ್ಲಿನ ಚಾವಣಿಯಲ್ಲಿ, ಪಕ್ಕೆಲುಬುಗಳಂತೆ ಹಾಯ್ದ ಪಟ್ಟಿಗಳು ಭಾರವನ್ನು ಕಂಬಗಳಿಗೆ ಇಳಿಸುವ ಉಪಾಯವನ್ನು ಕಾಣಬಹುದು. ಮುಂದಿನ ಚೂಪುಕಮಾನಿನ ಶೈಲಿಗೆಲ್ಲ ಇದು ದಾರಿ ತೋರಿತು. ಇಲ್ಲಿ ಪ್ರವೇಶಶುಲ್ಕವಿಲ್ಲ, ಕಾಣಿಕೆಯನ್ನು ಮಾತ್ರ ಬೇಡುತ್ತಾರೆ. ಅದೇ ಸೀಮೆಯ ಎಸ್‌ಕೂಮ್ ಗ್ರಾಮದಲ್ಲಿ, ರೋಮನರ ಕೋಟೆಯ ಕಲ್ಲುಗಳಿಂದಲೇ ಏಳನೆಯ ಶತಮಾನದಲ್ಲಿ ಕಟ್ಟಿದ ಚರ್ಚು ಇಂದಿಗೂ ಪೂರ್ಣವಾಗಿ ನಿಂತಿದೆ. ಯಾರ್ಕ್ ನಗರದ ಮಿನ್‌ಸ್ಟರಿನ ಪೂರ್ವದ ಮಹಾಕಿಟಕಿಯನ್ನು ಕವೆಂಟ್ರಿಯ ಜಾನ್ ಥಾರ್ನ್‌ಟನ್ 1405ರಿಂದ 1408ರೊಳಗೆ ಮೂರೇ ವರ್ಷಗಳಲ್ಲಿ ಮಾಡಿದನು. ನಮ್ಮ ಕಾಲದಲ್ಲಿ ಅದರ ಜೀರ್ಣೋದ್ಧಾರಕ್ಕೆ ಸುಮಾರು ಹತ್ತು ವರ್ಷಗಳು ಹಿಡಿದು 2018ರಲ್ಲಿ ಮುಗಿದುವು.

ಲಂಡನ್ ಬಿಟ್ಟು ಹೊರಗೆ ಹೋಗಲು ಬಿಡುವಿಲ್ಲದವರಿಗೆ ಕ್ಯಾಂಟರ್‌ಬರಿಯೊಂದು ಹಗಲಿನ ಪ್ರಯಾಣ. ಅಲ್ಲಿಯ ಕೆಥೀಡ್ರಲಿನಲ್ಲಿ 1170ನೆಯ ಡಿಸೆಂಬರ್ 29ರಂದು ಆರ್ಚ್‌ಬಿಷಪ್ ಬೆಕೆಟ್ಟರ ಕೊಲೆಯಾಯಿತು. ಆದರೆ ಸಮೀಪದಲ್ಲೇ ಇರುವ ಸಂತ ಮಾರ್ಟಿನ್ನರ ಸಣ್ಣ ಚರ್ಚನ್ನು ಮರೆಯಬಾರದು. 597ರಲ್ಲಿ ಅಗಸ್ಟೀನರು ಧರ್ಮಪ್ರಚಾರಕ್ಕೆ ಬರುವುದಕ್ಕೆ ಮೊದಲೇ ಬರ್ತಾ ರಾಣಿಯು ಅಲ್ಲಿ ಪ್ರಾರ್ಥಿಸುತ್ತಿದ್ದಳು. ಲಂಡನ್ನಿನಲ್ಲೇ, 1666ರ ಮಹಾಗ್ನಿಯಲ್ಲಿ 87 ಪ್ಯಾರಿಷ್ ಚರ್ಚುಗಳು ಸುಟ್ಟುಹೋಗಿ, 51 ಚರ್ಚುಗಳು ಕ್ರಿಸ್ಟಫರ್ ರೆನ್ನನ ಮೇಲ್ವಿಚಾರಣೆಯಲ್ಲಿ ಮತ್ತೆ ಎದ್ದುವು. ಆತನ ಸಂತ ಪಾಲರ ಕೆಥೀಡ್ರಲಿನಲ್ಲಿ ನಮ್ಮ ನಾಡಿನ ಚರಿತ್ರೆಯೂ ಕಲ್ಲಾಗಿ ಕುಳಿತಿದೆ. 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಕಾರ್ನ್‌ವಾಲಿಸನ ಸ್ಮಾರಕ ಅಲ್ಲಿದೆ. 1799ರ ಯುದ್ಧದಲ್ಲಿ ಸೇನಾಧಿಪತಿಗಳಲ್ಲೊಬ್ಬನಾಗಿದ್ದು, ಟಿಪ್ಪೂ ಸುಲ್ತಾನನ ಮರಣಾನಂತರ ಶ್ರೀರಂಗಪಟ್ಟಣದ ಅಧಿಕಾರವನ್ನು ವಹಿಸಿದ ಆರ್ಥರ್ ವೆಲ್ಲೆಸ್ಲಿ, ಅರ್ಥಾತ್ ವೆಲ್ಲಿಂಗ್ಟನ್ ಡ್ಯೂಕನು, ಅದರ ನೆಲಮಾಳಿಗೆಯಲ್ಲಿ ಸಮಾಧಿಯಾಗಿದ್ದಾನೆ. ಕಾವೇರಿಯ ದಡದ ಬಿರುಕುಬಿಟ್ಟ ಕೋಟೆಗೋಡೆಯನ್ನು ಕಂಡವರು ಆ ಸಮಾಧಿಯ ಮುಂದೆ ಒಂದು ನಿಮಿಷ ಹೆಚ್ಚು ನಿಲ್ಲುವುದು ಸಹಜ.

ಪ್ರಯಾಣದ ಸಾಧನಗಳ ವಿಚಾರವಾಗಿ ಕೆಲವು ಸೂಚನೆಗಳು. ರೈಲು ಪೇಟೆಯವರೆಗೆ ಒಯ್ಯುತ್ತದೆ; ಅಲ್ಲಿಂದ ಹಳ್ಳಿಗೆ ಬಸ್ಸುಗಳು ವಿರಳ, ಭಾನುವಾರ ಅನೇಕ ಕಡೆ ಇಲ್ಲವೇ ಇಲ್ಲ. ಆದುದರಿಂದ ಹೋಗುವ ಬಸ್ಸಿಗಿಂತ ಬರುವ ಬಸ್ಸಿನ ವೇಳೆಯನ್ನು ಮೊದಲು ತಿಳಿಯಬೇಕು. ಸರ್ಕಾರದ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳಲ್ಲಿ ಗೋಪುರವುಳ್ಳ ಚರ್ಚಿಗೆ ಕಪ್ಪು ಚೌಕದ ಮೇಲೊಂದು ಶಿಲುಬೆ, ಶಿಖರವುಳ್ಳದಕ್ಕೆ ಕಪ್ಪು ವೃತ್ತದ ಮೇಲೊಂದು ಶಿಲುಬೆ, ಎರಡೂ ಇಲ್ಲದುದಕ್ಕೆ ಬರಿಯ ಶಿಲುಬೆ ಗುರುತಾಗಿರುತ್ತದೆ; ಕಾಲ್ದಾರಿಗಳೂ ಅವುಗಳಲ್ಲಿ ಕಾಣುತ್ತವೆ. ಬೀಗ ಹಾಕಿದ ಚರ್ಚನ್ನು ಕಂಡು ಕೂಡಲೇ ಹಿಂದಿರುಗಬಾರದು. ಬೀಗದ ಕೈ ಯಾವ ಮನೆಯಲ್ಲಿದೆಯೆಂಬ ಚೀಟಿ ಮೊಗಸಾಲೆಯ ಗೋಡೆಯಲ್ಲಿ ಅನೇಕವೇಳೆ ಇರುತ್ತದೆ. ಕೈ ಕೊಡಲು ಬಂದ ವೃದ್ಧೆಯೇ ಆ ಚರ್ಚಿನ ಇತಿಹಾಸವನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳುವುದುಂಟು. ಪುಸ್ತಕವೇ ಬೇಕೆಂಬವರಿಗೆ ನಿಕೊಲಸ್ ಪೆವ್ಸ್‌ನರ್ 1951ರಿಂದ 1974ರವರೆಗೆ 46 ಸಂಪುಟಗಳಲ್ಲಿ ಹೊರತಂದ ಇಂಗ್ಲೆಂಡಿನ ಕಟ್ಟಡಗಳ ಗ್ರಂಥಮಾಲೆಯುಂಟು. ಹೋಗುವ ಸೀಮೆಯ ಸಂಪುಟವೊಂದು ಸಾಕು.

ಎತ್ತರದ ಚಾವಣಿಯನ್ನೂ ಗಾಜನ್ನೂ ನೋಡಲು ಒಂದು ದುರ್ಬೀನು, ಒಳಗಿನ ತಂಪಿಗೆ ಒಂದು ಉಣ್ಣೆಯ ಅಂಗಿ, ಮಳೆಗೆ ಒಂದು ಕೊಡೆ, ಕೈಯಲ್ಲಿ ಚಿಲ್ಲರೆ, ಇಷ್ಟಿರಲಿ. ಅಲ್ಲಿ ಪಾದರಕ್ಷೆಯನ್ನು ಬಿಡಬೇಕಾಗಿಲ್ಲ; ಗಂಡಸರು ಟೋಪಿಯನ್ನು ತೆಗೆಯುವುದು ಮರ್ಯಾದೆ. ಪ್ರಾರ್ಥಿಸುತ್ತಿರುವವರು ಒಬ್ಬರೇ ಇದ್ದರೂ ಮಾತು ಪಿಸುದನಿಯಲ್ಲಿರಬೇಕು. ದಿನಕ್ಕೆ ಒಂದು ದೊಡ್ಡದು, ಎರಡು ಸಣ್ಣವು. ಇದಕ್ಕಿಂತ ಹೆಚ್ಚು ನೋಡಿದರೆ ಸಂಜೆಯ ಹೊತ್ತಿಗೆ ಯಾವ ಕಮಾನು ಯಾವ ಊರಿನದೆಂಬುದೇ ಮರೆಯುತ್ತದೆ.

ಕೊನೆಯದಾಗಿ ಒಂದು ಮಾತು. ಈ ಕಟ್ಟಡಗಳನ್ನು ಸರ್ಕಾರವು ಬೊಕ್ಕಸದಿಂದ ಕಾಪಾಡುತ್ತದೆಂದು ನಮ್ಮಲ್ಲಿ ಅನೇಕರು ಎಣಿಸಿದ್ದಾರೆ. ಹಾಗಿಲ್ಲ. ಸೋರುವ ಚಾವಣಿಯನ್ನು ಸರಿಪಡಿಸುವ ಹೊಣೆ ಆಯಾ ಪ್ಯಾರಿಷಿನ ಜನರದು; ಅವರಾದರೋ ಕೆಲವು ಗ್ರಾಮಗಳಲ್ಲಿ ಭಾನುವಾರ ಹತ್ತು ಹನ್ನೆರಡು ಮಂದಿ ಸೇರಿದರೆ ಹೆಚ್ಚು. ಚಾವಣಿಯ ಸೀಸದ ತಗಡನ್ನು ಕಳ್ಳರು ಕಿತ್ತೊಯ್ಯುವುದೂ ಉಂಟು. ಒಂದು ರಾತ್ರಿಯ ಆ ಕಳವಿನಿಂದ ಒಳಗಿನ ಮರಗೆಲಸವೆಲ್ಲ ಮಳೆಯ ಪಾಲಾಗುತ್ತದೆ. ಅಪಾಯದ ಸ್ಥಿತಿಯಲ್ಲಿವೆಯೆಂದು ಗುರುತಿಸಲ್ಪಟ್ಟಿರುವ ಆರಾಧನಾ ಮಂದಿರಗಳು ಇಂಗ್ಲೆಂಡಿನಲ್ಲಿ 900ಕ್ಕೂ ಮೇಲ್ಪಟ್ಟಿವೆ. ಸಂತ ಪಾಲರ ಕೆಥೀಡ್ರಲಿನಂತಹ ಸ್ಥಳದಲ್ಲಿ 20 ಪೌಂಡುಗಳಿಗೂ ಮಿಕ್ಕ ಪ್ರವೇಶಶುಲ್ಕವನ್ನು ಕೊಟ್ಟು ಬರುವ ನಾವು, ಏನನ್ನೂ ಕೇಳದ ಹಳ್ಳಿಯ ಚರ್ಚಿನ ಕಾಣಿಕೆಪೆಟ್ಟಿಗೆಯನ್ನು ದಾಟಿ ಬಂದುಬಿಡುತ್ತೇವೆ. ಅಲ್ಲಿ ಹಾಕಿದ ಒಂದೆರಡು ಪೌಂಡು ಒಂದು ಹೆಂಚಿಗಾದರೂ ಆದೀತು. ಸಂದರ್ಶಕರ ಪುಸ್ತಕದಲ್ಲಿ ಹೆಸರನ್ನೂ ಊರನ್ನೂ ಬರೆಯುವುದು ಅದಕ್ಕಿಂತಲೂ ಉಪಕಾರ. ಸಹಾಯಧನವನ್ನು ಬೇಡುವಾಗ, ಈ ಚರ್ಚನ್ನು ನೋಡಲು ಜನ ಬರುತ್ತಾರೆಂದು ತೋರಿಸಲು ಊರಿನವರಿಗೆ ಆ ಪುಸ್ತಕವೇ ಸಾಕ್ಷಿ.

ಭಕ್ತರು ಕಡಿಮೆಯಾಗಿ ಜೀರ್ಣವಾಗುತ್ತಿರುವ ಗುಡಿಗಳು ನಮ್ಮ ನಾಡಿನಲ್ಲಿಯೂ ಉಂಟಾದುದರಿಂದ ಈ ಕಷ್ಟ ನಮಗೆ ಅಪರಿಚಿತವಲ್ಲ. ಮುಂದಿನ ಬೇಸಗೆಯಲ್ಲಿ ಆ ಕಡೆಗೆ ಪ್ರಯಾಣ ಬೆಳೆಸುವವರು ಪ್ರಾಂತವೊಂದನ್ನು ಈಗಲೇ ಆರಿಸಿಕೊಂಡು, ದಿನಗಳನ್ನು ವಿಚಾರಿಸಿ, ನಕ್ಷೆಯೊಂದನ್ನು ತರಿಸಿಕೊಳ್ಳಲಿ. ಯಾವುದೋ ಹಳ್ಳಿಯ ಮೊಗಸಾಲೆಯಲ್ಲಿ, ತೆರೆದಿಟ್ಟ ಆ ಪುಸ್ತಕದ ಪುಟದಲ್ಲಿ, ಮೈಸೂರು, ಬೆಂಗಳೂರು, ಧಾರವಾಡ ಎಂಬ ಹೆಸರುಗಳೂ ಕಾಣುವಂತಾಗಲಿ ಎಂದು ಆಶಿಸಿ ಈ ಭಾಷಣವನ್ನು ಮುಗಿಸುತ್ತೇವೆ.